ಹನ್ನೆರಡು ಫ್ರೇಮಿಗೊಂದು ಹೆಜ್ಜೆ

ಹಳೆಯ ಕಪ್ಪು ಬಿಳುಪು ಕಾರ್ಟೂನಿನಲ್ಲಿ ಕರಡಿ ಮಂಜುಗಡ್ಡೆಯ ಮೇಲೆ ಕುಣಿಯುವುದನ್ನು ಕಂಡವರು "ಕುಣಿತಕ್ಕೆ ಎಷ್ಟು ಚೆನ್ನಾಗಿ ಸಂಗೀತ ಕೂಡಿಸಿದ್ದಾರೆ" ಅನ್ನುತ್ತಾರೆ. ಆದದ್ದು ತಿರುಗಾಮುರುಗಾ. ತಾಳದ ಲೆಕ್ಕ ಕಾಗದದ ಮೇಲೆ ಇಳಿದ ಮೇಲೇ ಕರಡಿ ಹುಟ್ಟಿದ್ದು.

ದನಿ ಬಂದ ಮೇಲೆ ಸಿನಿಮಾ ರೀಲು ಸೆಕೆಂಡಿಗೆ 24 ಫ್ರೇಮ್, ಅಂದರೆ 24 ಬಿಡಿ ಚೌಕಟ್ಟು, ಓಡತೊಡಗಿತು. ವೇಗ ಹೀಗೆ ಒಂದೇ ಕಡೆ ನಿಂತದ್ದರಿಂದಲೇ ತಾಳವನ್ನು ಫ್ರೇಮಿನಲ್ಲಿ ಅಳೆಯಲು ಸಾಧ್ಯವಾಯಿತು. 1928ರ 'ಸ್ಟೀಮ್‌ಬೋಟ್ ವಿಲ್ಲಿ' ಮಾಡುವಾಗ ಡಿಸ್ನಿ ಸ್ಟುಡಿಯೋದ ವಿಲ್ಫ್ರೆಡ್ ಜಾಕ್ಸನ್ ತಾಳ ಬಡಿಯುವ ಯಂತ್ರವಾದ ಮೆಟ್ರೊನೋಮ್ ಇಟ್ಟುಕೊಂಡು ಲೆಕ್ಕ ಕಟ್ಟಿದರು. ಆದರೂ ಮೊದಲ ಧ್ವನಿಮುದ್ರಣ ಕೆಟ್ಟಿತು, ವಾದ್ಯವೃಂದ ಚಿತ್ರದ ಜೊತೆ ಹೋಗಲಿಲ್ಲ. ಎರಡನೇ ಸಲ ರೀಲಿನ ಮೇಲೆಯೇ ಪುಟಿಯುವ ಚೆಂಡೊಂದನ್ನು ಮೂಡಿಸಿ, ಅದನ್ನು ನೋಡುತ್ತಾ ನುಡಿಸಿದ ಮೇಲೆ ಸರಿಹೋಯಿತು.

ಮರುವರ್ಷ ಡಿಸ್ನಿಯ 'ಸಿಲ್ಲಿ ಸಿಂಫನಿ' ಕಾರ್ಟೂನ್ ಮಾಲೆ ಶುರು. 1929ರಲ್ಲಿ ಅಸ್ಥಿಪಂಜರಗಳ ಕುಣಿತ, ಆಮೇಲೆ ವಸಂತ; 1930ರಲ್ಲಿ ಬೇಸಿಗೆ, ಶರತ್ಕಾಲ, ಕೊನೆಗೆ ಬರ್ಟ್ ಗಿಲೆಟ್ ನಿರ್ದೇಶನದ 'ವಿಂಟರ್'. ಅದೇ ವರ್ಷದ 'ಆರ್ಕ್ಟಿಕ್ ಆಂಟಿಕ್ಸ್'ನಲ್ಲಿ ಹಿಮಕರಡಿಗಳ ಜೊತೆ ಪೆಂಗ್ವಿನ್‌ಗಳೂ ಕುಣಿಯುತ್ತವೆ. ಉತ್ತರ ಧ್ರುವದಲ್ಲಿ ಪೆಂಗ್ವಿನ್ ಎಲ್ಲಿಂದ ಬಂತು ಎಂದು ಕೇಳಬಾರದು. ಹೆಜ್ಜೆ ಚೆನ್ನಾಗಿತ್ತು, ಬಂತು.

ಸೂತ್ರ ಒಂದೇ. ನಿಮಿಷಕ್ಕೆ 24ರಂತೆ ಅರವತ್ತು ಸೆಕೆಂಡು, ಒಟ್ಟು 1440 ಫ್ರೇಮ್; ಅದನ್ನು ನಿಮಿಷಕ್ಕೆ ಬೀಳುವ ತಾಳದ ತಟ್ಟುಗಳಿಂದ ಭಾಗಿಸಿದರೆ ತಟ್ಟಿಗೆ ಎಷ್ಟು ಫ್ರೇಮ್ ಎಂದು ಸಿಗುತ್ತದೆ. ನಿಮಿಷಕ್ಕೆ 120 ತಟ್ಟಾದರೆ 12, 90 ಆದರೆ 16, 180 ಆದರೆ 8. ತೊಂದರೆ ಇರುವುದು 100ರಂಥ ಗತಿಯಲ್ಲಿ: 14.4 ಫ್ರೇಮ್. ಇರಲಿ ಎಂದು 14 ಹಿಡಿದರೆ ಇಪ್ಪತ್ತು ತಟ್ಟಿಗೆ 8 ಫ್ರೇಮ್, ಅಂದರೆ ಸೆಕೆಂಡಿನ ಮೂರನೇ ಒಂದು ಪಾಲು ಹೆಜ್ಜೆ ಮುಂದೆ ಓಡಿರುತ್ತದೆ. ಅದು ಯಾರ ಕಣ್ಣಿಗೂ ಬೀಳುತ್ತದೆ. ಅಂಥಲ್ಲಿ 14, 14, 15, 14, 15 ಎಂದು ಹಂಚಿ. ಐದು ತಟ್ಟಿಗೆ 72, ಲೆಕ್ಕ ಚುಕ್ತಾ.

ದುಡಿ ಬಾರಿಸುತ್ತಾ ಹಾಡುವ ನಮ್ಮ ಕೊಡಗಿನ ದುಡಿಕೊಟ್ಟ್ ಪಾಟಿಗೆ ಪ್ರಾಣಿ ಕುಣಿಸಬೇಕೆಂದರೆ ಇನ್ನೊಂದು ತೊಡಕು. ನಾಲ್ವರು ಕೂತು ಹಾಡುವಾಗ ಗತಿ ಯಂತ್ರದಂತೆ ನಿಲ್ಲುವುದಿಲ್ಲ, ಹಾಡು ಕಾವೇರಿದಂತೆ ಬಿರುಸಾಗುತ್ತದೆ. ಮೊದಲ ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿ ಅದನ್ನೇ ಕೊನೆತನಕ ನಂಬಿದರೆ ಕೆಟ್ಟಿತು. ಧ್ವನಿಯನ್ನು ಕಂಪ್ಯೂಟರಿಗೆ ಹಾಕಿ, ಪ್ರತಿ ಎಂಟನೇ ದುಡಿ ಪೆಟ್ಟಿನ ಸಮಯ ಬರೆದುಕೊಂಡು, ಎಂಟೆಂಟಕ್ಕೂ ಬೇರೆ ಲೆಕ್ಕ ಮಾಡಬೇಕು.

ಈಗ ಹೆಜ್ಜೆಗೆ ಬರೋಣ. ತಟ್ಟಿಗೆ 12 ಫ್ರೇಮ್, ಒಂದೊಂದು ಚಿತ್ರಕ್ಕೆ ಎರಡು ಫ್ರೇಮ್, ಅಲ್ಲಿಗೆ ಆರು ಚಿತ್ರ. ಒಂದನೆಯದರಲ್ಲಿ ಮೈ ಪೂರ್ತಿ ಕುಗ್ಗಿ ಮಂಡಿ ಬಾಗಿರಬೇಕು. ಎರಡು, ಮೂರರಲ್ಲಿ ಏಳುತ್ತದೆ, ನಾಲ್ಕರಲ್ಲಿ ತುದಿಗಾಲು, ಐದು ಆರರಲ್ಲಿ ಇಳಿತ. ಹೊಸಬರು ಮಾಡುವ ತಪ್ಪು ಇಲ್ಲೇ: ತಟ್ಟು ಬಿದ್ದಾಗ ಪ್ರಾಣಿಯನ್ನು ಮೇಲಕ್ಕೆ ನೆಗೆಸುತ್ತಾರೆ. ಕೋಲಾಟದವರ ಕಾಲು ನೋಡಿ, ಪೆಟ್ಟು ಬೀಳುವಾಗ ಭಾರ ನೆಲಕ್ಕಿರುತ್ತದೆ. ಕುಗ್ಗಿದ ಚಿತ್ರವನ್ನು ಪೆಟ್ಟಿಗಿಂತ ಒಂದೆರಡು ಫ್ರೇಮ್ ಮುಂಚೆ ಇಟ್ಟರೆ ಇನ್ನೂ ಗಟ್ಟಿಯಾಗಿ ಕೂರುತ್ತದೆ. ತಡವಾದರೆ ಮಾತ್ರ ಕ್ಷಮೆ ಇಲ್ಲ. ಗತಿ 96ಕ್ಕೆ ಇಳಿದು ತಟ್ಟಿಗೆ 15 ಫ್ರೇಮ್ ಆದರೆ ಹೊಸ ಚಿತ್ರ ಬೇಡ. ಅವೇ ಆರನ್ನು 3, 2, 2, 3, 2, 3 ಎಂದು ಹಿಡಿದರಾಯಿತು.

ಬಾಲ ಬೇರೆ ಲೆಕ್ಕ. ಕೆಂದಳಿಲಿನ ಬಾಲ ಅದರ ಮೈಗಿಂತ ಉದ್ದ. ಮೈ ಮೇಲೇಳುವಾಗ ಬಾಲದ ಬುಡ ಎರಡು ಫ್ರೇಮ್ ಹಿಂದೆ, ತುದಿ ನಾಲ್ಕು ಫ್ರೇಮ್ ಹಿಂದೆ ಇರಬೇಕು. ಮೈ ಇಳಿಯಲು ಶುರುವಾದಾಗಲೂ ತುದಿ ಇನ್ನೂ ಮೇಲಕ್ಕೇ ಹೋಗುತ್ತಿರುತ್ತದೆ. ಎರಡೂ ಒಟ್ಟಿಗೆ ಎದ್ದರೆ ಬಾಲ ಅಂಟಿಸಿದ ಪೊರಕೆಯಂತೆ ಕಾಣುತ್ತದೆ.

ಚಳಿಗಾಲದ ಕಥೆಗಳಲ್ಲಿ ಸ್ಕೇಟಿಂಗ್ ಇರುವುದರಲ್ಲಿ ಒಂದು ಜಾಣತನವಿದೆ ಎಂದು ನನ್ನ ಅಂದಾಜು. ಹಿನ್ನೆಲೆ ಸರಿಯುವಾಗ ನಡೆಯುವ ಪ್ರಾಣಿಯ ಊರಿದ ಕಾಲು ನೆಲದ ಜೊತೆಗೇ ಹಿಂದಕ್ಕೆ ಹೋಗಬೇಕು. 12 ಫ್ರೇಮಿಗೆ 48 ಮಿ.ಮೀ. ಹೆಜ್ಜೆ ಎಂದರೆ ಫ್ರೇಮಿಗೆ ಸರಿಯಾಗಿ 4 ಮಿ.ಮೀ.; ಮೂರೋ ಐದೋ ಸರಿಸಿದರೆ ಕಾಲು ಜಾರುತ್ತದೆ. ಮಂಜುಗಡ್ಡೆಯ ಮೇಲೆ ಜಾರುವುದೇ ಕೆಲಸ, ತಪ್ಪು ಕಾಣುವುದಿಲ್ಲ. ಕೊಡಗಿನಲ್ಲಿ ಮಂಜುಗಡ್ಡೆ ಇಲ್ಲ ನಿಜ, ಆದರೆ ಡಿಸೆಂಬರ್ ಜನವರಿಯಲ್ಲಿ ಕಣದ ತುಂಬ ಚೆರ್ರಿ ಕಾಫಿ ಹರಡಿರುತ್ತದೆ. ಉರುಟು ಕಾಯಿಯ ಮೇಲೆ ಪುನುಗು ಬೆಕ್ಕನ್ನು ಕುಣಿಯಲು ಬಿಡಿ, ಜಾರಲು ಇದಕ್ಕಿಂತ ಒಳ್ಳೆಯ ನೆಲ ಬೇಕೆ? ನೂಕು 6 ಫ್ರೇಮ್, ಜಾರು 18 ಫ್ರೇಮ್, ಎರಡು ತಟ್ಟಿಗೆ ಸರಿಹೊಂದುತ್ತದೆ. ಜಾರುವಾಗ ಮೊದಲು ದೊಡ್ಡ ಅಂತರ, ಬರಬರುತ್ತಾ ಸಣ್ಣದು.

ಹಿಮದ ಬದಲು ನಮಗಿರುವುದು ಬೆಳಗಿನ ಮಂಜು. ಅದಕ್ಕೆ ಬಟರ್ ಪೇಪರ್ ಸಾಕು. ಅಂಚನ್ನು ಕತ್ತರಿಸಬೇಡಿ, ಹರಿಯಿರಿ. ಹಾಳೆಗೆ ತಾಗಿಸಿಟ್ಟರೆ ಕೆಳಗಿನ ಗೆರೆ ಸ್ಪಷ್ಟ ಕಾಣುತ್ತದೆ. ಒಂದು ಸೆಂಟಿಮೀಟರ್ ಎತ್ತರಿಸಿದರೆ ಮಸುಕಾಗುತ್ತದೆ, ಬೇಕಾದ್ದು ಅದೇ. ಎರಡು ಫ್ರೇಮಿಗೆ 1 ಮಿ.ಮೀ. ಸರಿಸಿ. ನಡುವೆ ಒಂದು ಪದರ ತೆಗೆದರೆ ಇಡೀ ಚಿತ್ರ ಥಟ್ಟನೆ ಬೆಳಗುತ್ತದೆ. ಸೆಲ್ಯುಲಾಯ್ಡ್ ಹಾಳೆಯ ಕಾಲದಲ್ಲೂ ಇದೇ ಗೋಳಿತ್ತು, ಪದರ ಕಡಿಮೆಯಾದ ಕಡೆ ಖಾಲಿ ಹಾಳೆ ಇಟ್ಟು ಸರಿದೂಗಿಸುತ್ತಿದ್ದರು. ನೀವೂ ಖಾಲಿ ಬಟರ್ ಪೇಪರ್ ಇಡಿ.

ಬರೆದ ಹಾಳೆಗಳನ್ನು ಒಂದೊಂದಾಗಿ ಫೋನಿನಲ್ಲಿ ಫೋಟೋ ತೆಗೆಯುವಾಗ ಕಿಟಕಿ ಬೆಳಕು ಬೇಡವೇ ಬೇಡ. ಮಡಿಕೇರಿ ಕಡೆ ಮೋಡ ಬಂದು ಹೋಗುವಷ್ಟರಲ್ಲಿ ನಾಲ್ಕು ಫ್ರೇಮ್ ಕಪ್ಪು, ನಾಲ್ಕು ಬಿಳಿ. ಪರದೆ ಎಳೆದು, ಎರಡು ಎಲ್ಇಡಿ ದೀಪಗಳನ್ನು ಎಡಬಲದಿಂದ 45 ಡಿಗ್ರಿಗೆ ಇಟ್ಟು, ಫೋನಿನ ಎಕ್ಸ್‌ಪೋಷರ್, ಫೋಕಸ್ ಲಾಕ್ ಮಾಡಿ. ಹಾಳೆ ಕೂರಿಸಲು ಆಫೀಸಿನ ಎರಡು ತೂತಿನ ಪಂಚ್ ಸಾಕು. ತೂತು 6 ಮಿ.ಮೀ., ಅಂತರ 80 ಮಿ.ಮೀ., ಅದಕ್ಕೆ ತಕ್ಕ ಎರಡು ಗೂಟ ಹಲಗೆಗೆ ಜಡಿಯಿರಿ. ಥಂಡಿ ಹಿಡಿದ ಕಾಗದ ಹಿಗ್ಗುತ್ತದೆ, ನಿನ್ನೆಯ ಚಿತ್ರ ಇವತ್ತಿನದರ ಮೇಲೆ ಕೂರುವುದಿಲ್ಲ. ಆದ್ದರಿಂದ ಹಾಳೆಗಳು ಮುಚ್ಚಳದ ಡಬ್ಬಿಯಲ್ಲಿರಲಿ.

ಹಳೆಯ ಚಿತ್ರಗಳಿಂದ ಕಲಿಯುವುದಾದರೆ ಕಂಪ್ಯೂಟರಿನ ವಿಡಿಯೋ ಪ್ಲೇಯರ್ ವಿಎಲ್‌ಸಿಯಲ್ಲಿ 'ಇ' (E) ಒತ್ತಿ ಒಂದೊಂದೇ ಫ್ರೇಮ್ ಎಣಿಸಿ. ನೆಟ್ಟಿನಲ್ಲಿ ಸಿಗುವ ಎಷ್ಟೋ ಪ್ರತಿಗಳನ್ನು ಸೆಕೆಂಡಿಗೆ 30 ಫ್ರೇಮಿಗೆ ಬದಲಿಸಿರುತ್ತಾರೆ, ನಾಲ್ಕಕ್ಕೊಂದು ಫ್ರೇಮ್ ಮರುಕಳಿಸಿರುತ್ತದೆ. ಹೆಜ್ಜೆಗೆ 15 ಬಂದರೆ ಗಾಬರಿಯಾಗಬೇಡಿ, ಮರುಕಳಿಸಿದ್ದನ್ನು ಕಳೆಯಿರಿ, 12 ಸಿಗುತ್ತದೆ.