ಚಳಿಗಾಲದ ಚೀಸ್ ತಟ್ಟೆಗೆ ಮೂರೇ ಸಾಕು

ಚಳಿಗಾಲದಲ್ಲಿ ಅತಿಥಿಗಳು ಬರುತ್ತಾರೆಂದರೆ ನಾನು ಮೊದಲು ಹುಡುಕುವುದು ಮೋಂ ದೋರ್ ಚೀಸನ್ನು. ಫ್ರಾನ್ಸ್‌ನ ಜುರಾ ಬೆಟ್ಟಗಳಲ್ಲಿ ಇದನ್ನು ತಯಾರಿಸುವುದು ಆಗಸ್ಟ್ 15ರಿಂದ ಮಾರ್ಚ್ 15ರವರೆಗೆ ಮಾತ್ರ. ಸುತ್ತಲೂ ಸ್ಪ್ರೂಸ್ ಮರದ ತೊಗಟೆಯ ಪಟ್ಟಿ, ಮೇಲೆ ಅಲೆ ಅಲೆಯಾಗಿ ಸುಕ್ಕುಗಟ್ಟಿದ ಸಿಪ್ಪೆ. ಆ ಸಿಪ್ಪೆಯನ್ನು ಮೆಲ್ಲಗೆ ಬಿಡಿಸಿದರೆ ಒಳಗೆ ಚಮಚದಲ್ಲಿ ಎತ್ತಿಕೊಳ್ಳುವಷ್ಟು ಮೆತ್ತಗಿನ ಚೀಸ್, ಮರದ ಪರಿಮಳದ ಸಮೇತ. ಹಸಿ ಹಾಲಿನದು, ಹಾಗಾಗಿ ಬಂದವರಲ್ಲಿ ಬಸುರಿಯರಿದ್ದರೆ ಮೊದಲೇ ಹೇಳಿಬಿಡುತ್ತೇನೆ.

ಪಕ್ಕಕ್ಕೆ ಗಟ್ಟಿಯದೊಂದು ಬೇಕು. ವರ್ಷ ದಾಟಿ ಮಾಗಿದ ಕೋಂತೆ ನನಗಿಷ್ಟ: ಹುರಿದ ಬೀಜದ ರುಚಿ, ಹಲ್ಲಿಗೆ ಸಿಗುವ ಸಣ್ಣ ಸಣ್ಣ ಹರಳು. ಮೂರನೆಯದು ಇಂಗ್ಲೆಂಡಿನ ಸ್ಟಿಲ್ಟನ್, ಒಳಗೆ ನೀಲಿ ಬೂಸ್ಟಿನ ಗೆರೆಗಳಿರುವ ಚೀಸ್. ನೀಲಿ ಚೀಸ್ ಅಂದರೆ ಮುಖ ಸಿಂಡರಿಸುವವರಿಗೆ ಮಾಗಿದ ಪೇರ್ ಹೋಳಿನ ಮೇಲೆ ಒಂದು ಚೂರು ಇಟ್ಟು ಕೊಟ್ಟು ನೋಡಿ. ಹಣ್ಣಿನ ಸಿಹಿ ಅದರ ಉಪ್ಪಿನ ಖಾರವನ್ನು ಹದಕ್ಕೆ ತರುತ್ತದೆ. ಇಷ್ಟೇ. ಏಳೆಂಟು ಬಗೆ ಜೋಡಿಸಿದರೆ ಒಂದರ ರುಚಿಯೂ ನಾಲಿಗೆಯಲ್ಲಿ ನಿಲ್ಲುವುದಿಲ್ಲ. ಊಟಕ್ಕೆ ಮುಂಚೆ ಇಡುವುದಾದರೆ ತಲೆಗೆ 100 ಗ್ರಾಂ ಧಾರಾಳವಾಯಿತು.

ಬಡಿಸುವ ಒಂದು ಗಂಟೆ ಮುಂಚೆ ಫ್ರಿಜ್‌ನಿಂದ ತೆಗೆದು, ಒಣಗದಂತೆ ಮುಚ್ಚಿಡಿ. ತಣ್ಣಗಿರುವಾಗ ಕೊಬ್ಬು ಬಿಗಿದುಕೊಂಡಿರುತ್ತದೆ, ಘಮ ಏಳುವುದೇ ಇಲ್ಲ. ನೀಲಿ ಚೀಸಿಗೆ ಬೇರೆ ಚಾಕು. ಜೊತೆಗೆ ಅಕ್ರೋಟು, ಒಣ ಅಂಜೂರ, ಸ್ವಲ್ಪ ಜೇನು. ಬ್ರೆಡ್ ಮಾತ್ರ ಸಪ್ಪೆಯದ್ದೇ ಇರಲಿ. ಬೆಳ್ಳುಳ್ಳಿ, ಮಸಾಲೆ ಹಾಕಿದ್ದನ್ನು ಇಟ್ಟರೆ ಕೋಂತೆಯ ರುಚಿ ಪೂರ್ತಿ ಮುಚ್ಚಿಹೋಗುತ್ತದೆ.