ಜೊತೆಲೇ ಇದ್ದು ಗೊತ್ತಾಗ್ಲಿಲ್ವಾ?

ಇಲ್ಲ, ನನ್ನ ಗಂಡನ ಕಾಯಿಲೆ ನನಗೆ ಗೊತ್ತಾಗಲಿಲ್ಲ. ಇಷ್ಟಕ್ಕೇ ಸುಮ್ಮನಾಗುವವರು ಕಡಿಮೆ. ಫೋನಿನಲ್ಲಿ, ಮದುವೆ ಮನೆಯಲ್ಲಿ, ಲಿಫ್ಟಿನಲ್ಲಿ ಇದೇ ಕಥೆ ಹೇಳಿ ಹೇಳಿ ನನಗೆ ಸಾಕಾಗಿದೆ. ಒಂದು ಸಲ ಪೂರ್ತಿ ಬರೆದುಬಿಡುತ್ತೇನೆ. ಇನ್ನು ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ನಮ್ಮವರಿಗೆ ಇರುವುದು ಆಕ್ರೊಮೆಗಲಿ. ಮೆದುಳಿನ ತಳದಲ್ಲಿ ಬಟಾಣಿ ಕಾಳಿನಷ್ಟು ದೊಡ್ಡದಾದ ಪಿಟ್ಯುಟರಿ ಗ್ರಂಥಿ ಇರುತ್ತದೆ. ಅದರಲ್ಲಿ ಒಂದು ಗೆಡ್ಡೆ ಬೆಳೆದು, ಬೆಳವಣಿಗೆಯ ಹಾರ್ಮೋನು ಜಾಸ್ತಿಯಾಗುತ್ತದೆ. ಗೆಡ್ಡೆ ಕ್ಯಾನ್ಸರ್ ಅಲ್ಲ. ಆದರೆ ಆ ಹಾರ್ಮೋನಿನಿಂದ ಲಿವರ್ ಐಜಿಎಫ್-1 ಅನ್ನುವ ಇನ್ನೊಂದು ಹಾರ್ಮೋನನ್ನು ಜಾಸ್ತಿ ತಯಾರಿಸುತ್ತದೆ. ಕೈ, ಪಾದ, ಮೂಗು, ತುಟಿ, ನಾಲಿಗೆ, ದವಡೆ ಎಲ್ಲ ದಪ್ಪವಾಗುತ್ತಾ ಹೋಗುತ್ತವೆ. ಒಳಗೆ ಹೃದಯವೂ ದಪ್ಪವಾಗುತ್ತದೆ. 'ಖಲಿಗೆ ಇದ್ದಿದ್ದು ಇದೇನಾ? ಮತ್ತೆ ಇವರು ಎತ್ತರ ಆಗಿಲ್ವಲ್ಲ' ಅಂತ ಕೇಳುವವರೂ ಇದ್ದಾರೆ. ಕುಸ್ತಿಪಟು ಖಲಿ ಪಿಟ್ಯುಟರಿ ಗೆಡ್ಡೆಗೆ 2012ರಲ್ಲಿ ಅಮೆರಿಕದಲ್ಲಿ ಆಪರೇಷನ್ ಮಾಡಿಸಿಕೊಂಡಿದ್ದು ನಿಜ. ಮೂಳೆ ಇನ್ನೂ ಬೆಳೆಯುವ ವಯಸ್ಸಿನಲ್ಲಿ ಈ ಹಾರ್ಮೋನು ಜಾಸ್ತಿಯಾದರೆ ಎತ್ತರ ಹೆಚ್ಚುತ್ತದೆ. ದೊಡ್ಡವರಾದ ಮೇಲೆ ಮೂಳೆಯ ತುದಿಗಳು ಕೂಡಿಕೊಂಡಿರುತ್ತವೆ. ಆಗ ದಪ್ಪ ಆಗುವುದೊಂದೇ ದಾರಿ.

ಈಗ ಪ್ರಶ್ನೆಗೆ ಬರುತ್ತೇನೆ. 'ಹೇಗೆ ಗೊತ್ತಾಯ್ತು?' ಅಂತ ಕೇಳಿದರೆ ನನಗೆ ಬೇಜಾರಿಲ್ಲ. ಆದರೆ ಬಹಳ ಜನ ಹಾಗೆ ಕೇಳುವುದಿಲ್ಲ. 'ಜೊತೆಲೇ ಇದ್ದು' ಅಂತ ಶುರು ಮಾಡುತ್ತಾರೆ. ವಾರಕ್ಕೊಂದು ಸಲ ಜೊತೆಗೆ ಕೂತು ಕಾಫಿ ಕುಡಿಯುವ ಸ್ನೇಹಿತರನ್ನು ಯಾರೂ ಹೀಗೆ ಕೇಳಿಲ್ಲ. ನಾಲ್ಕು ಕಡೆಯ ಡಾಕ್ಟರುಗಳನ್ನೂ ಕೇಳಿಲ್ಲ. ಹೆಂಡತಿಯನ್ನು ಮಾತ್ರ ಕೇಳುತ್ತಾರೆ.

ಒಂದು ಗೃಹಪ್ರವೇಶದ ಊಟ ನನಗೆ ಮರೆಯುವುದಿಲ್ಲ. ಇವರ ಆಪರೇಷನ್ ಆಗಿ ಸ್ವಲ್ಪ ದಿನ ಆಗಿತ್ತಷ್ಟೆ. ಪಂಕ್ತಿಯಲ್ಲಿ ಎದುರಿಗೆ ಇವರ ಸೋದರತ್ತೆ ಕೂತಿದ್ದರು. ಕೋಸಂಬರಿ ಬಡಿಸುವಷ್ಟರಲ್ಲೇ ಶುರು ಮಾಡಿದರು. 'ಅಲ್ಲ ಕಣೇ, ದಿನಾ ಅವನ ಮುಖ ನೋಡ್ತೀಯ. ಮೂಗು, ಗದ್ದ ಹೀಗಾಗಿರೋದು ಕಾಣ್ಲಿಲ್ವಾ ನಿಂಗೆ?' ಇಡೀ ಸಾಲು ಕೈ ನಿಲ್ಲಿಸಿ ನನ್ನ ಕಡೆ ನೋಡಿತು. ಇವರು ಎಲೆ ನೋಡಿಕೊಂಡು ಅನ್ನ ಕಲಸುತ್ತಲೇ ಇದ್ದರು. ನಾನು 'ದಿನಾ ನೋಡ್ತಿದ್ದೆ ಅತ್ತೆ, ಅದಕ್ಕೇ ಕಾಣ್ಲಿಲ್ಲ' ಅಂದೆ. ಅತ್ತೆ ಮಜ್ಜಿಗೆ ಬರುವವರೆಗೂ ಬಿಡಲಿಲ್ಲ. ಕೊನೆಗೆ ಒಂದು ಮಾತು ಹೇಳಿದರು: 'ನಂಗೆ ಹೋದ ಸಲ ಜಾತ್ರೆಗೆ ಬಂದಾಗಲೇ ಅನ್ನಿಸಿತ್ತಪ್ಪ. ಸುಮ್ನೆ ಯಾಕೆ ಹೇಳೋದು ಅಂತ ಬಿಟ್ಟೆ.'

ಆ ಜಾತ್ರೆ ಆಗಿ ವರ್ಷಗಳೇ ಕಳೆದಿದ್ದವು. ಅವತ್ತು ಕೈ ತೊಳೆಯುವಾಗ ನನಗೆ ಅಳು ಬಂತು.

ಮನೆಯಲ್ಲಿ ಏನು ಕಾಣುತ್ತಿತ್ತು ಅಂತ ಕೇಳಿ. ಮದುವೆಯ ಉಂಗುರ ಬಿಗಿಯಾಯಿತು. ದಪ್ಪ ಆಗಿದ್ದಾರೆ ಅಂದುಕೊಂಡು ಅಕ್ಕಸಾಲಿಗರ ಹತ್ತಿರ ದೊಡ್ಡದು ಮಾಡಿಸಿದೆವು. ಚಪ್ಪಲಿ 8ರಿಂದ 10ಕ್ಕೆ ಹೋಯಿತು. ಕಂಪನಿಯಿಂದ ಕಂಪನಿಗೆ ಅಳತೆ ಬೇರೆ ಅಂತ ಅಂಗಡಿಯವರೇ ಹೇಳಿದರು. ಗೊರಕೆ ಎಷ್ಟು ಜೋರಾಯಿತೆಂದರೆ ಮಗ ಹಾಸಿಗೆ ಎತ್ತಿಕೊಂಡು ಹಾಲ್‌ಗೆ ಹೋದ. ಚಳಿಗಾಲದಲ್ಲೂ ಅಂಗಿ ಬೆವರಿನಿಂದ ಒದ್ದೆಯಾಗುತ್ತಿತ್ತು. ಕೆಳಗಿನ ಹಲ್ಲುಗಳ ನಡುವೆ ಸಂದು ಬಿತ್ತು. ಬಿಪಿ ಬಂತು, ಶುಗರ್ ಬಂತು, ಮಂಡಿ ನೋವು ಬಂತು, ರಾತ್ರಿ ಕೈ ಜೋಮು ಹಿಡಿಯುತ್ತಿತ್ತು. ಇದರಲ್ಲಿ ಒಂದೊಂದೂ ನಲವತ್ತು ದಾಟಿದ ಯಾವ ಗಂಡಸಿಗೂ ಬರಬಹುದಾದದ್ದೇ.

ನಾವೇನು ಸುಮ್ಮನೆ ಕೂತಿರಲಿಲ್ಲ. ಹಲ್ಲಿಗೆ ಹಲ್ಲಿನ ಡಾಕ್ಟರು, ಮಂಡಿಗೆ ಮೂಳೆ ಡಾಕ್ಟರು, ಶುಗರ್‌ಗೆ ಮತ್ತೊಬ್ಬರು. ಎಲ್ಲರೂ ತಮ್ಮ ಪಾಲಿನ ಔಷಧಿ ಬರೆದುಕೊಟ್ಟರು. ಎಲ್ಲವನ್ನೂ ಒಟ್ಟಿಗೆ ಇಟ್ಟು ನೋಡಿದವರು ಇರಲಿಲ್ಲ. ಡಾಕ್ಟರುಗಳನ್ನು ಪೂರ್ತಿ ಬೈಯಲಾರೆ. ವರ್ಷಕ್ಕೆ 10 ಲಕ್ಷ ಜನರಲ್ಲಿ ಮೂರು ನಾಲ್ಕು ಮಂದಿಗೆ ಹೊಸದಾಗಿ ಪತ್ತೆಯಾಗುವ ಕಾಯಿಲೆ ಇದು. 1886ರಲ್ಲೇ ಪ್ಯಾರಿಸ್‌ನ ಪಿಯೇರ್ ಮರೀ ಅನ್ನುವ ಡಾಕ್ಟರು ಇಬ್ಬರು ರೋಗಿಗಳನ್ನು ನೋಡಿ ಇದನ್ನು ವಿವರಿಸಿ ಹೆಸರಿಟ್ಟಿದ್ದಾರೆ. ಇಷ್ಟು ಕಾಲ ಆದರೂ ಶುರುವಾಗಿ ಪತ್ತೆಯಾಗುವ ಹೊತ್ತಿಗೆ 5ರಿಂದ 10 ವರ್ಷ ಕಳೆದಿರುವುದು ಇವತ್ತಿಗೂ ಸಾಮಾನ್ಯ.

ನಮಗೆ ಹಿಡಿದುಕೊಟ್ಟವರು ಅನಸ್ತೇಶಿಯಾ ಡಾಕ್ಟರು. ಕೈ ಜೋಮಿಗೆ ಕಾರಣ ಕಾರ್ಪಲ್ ಟನಲ್, ಅಂದರೆ ಮಣಿಕಟ್ಟಿನಲ್ಲಿ ನರ ಒತ್ತಿಹೋಗಿರುವುದು ಅಂತ ಆಗಿತ್ತು. ಆಪರೇಷನ್‌ಗೆ ಮುಂಚೆ ತಪಾಸಣೆಗೆ ಹೋದೆವು. ಆಕೆ ಬಾಯಿ ತೆರೆಸಿ ನಾಲಿಗೆ ನೋಡಿದರು, ದವಡೆ ಮುಟ್ಟಿ ನೋಡಿದರು, ಅಂಗೈ ಹಿಡಿದು ನೋಡಿದರು. 'ಹಳೇ ಫೋಟೋ ಯಾವುದಾದ್ರೂ ಇದೆಯಾ?' ಅಂದರು. ಪರ್ಸಿನಲ್ಲಿ ಹಳೆಯ ಡಿಎಲ್ ಇತ್ತು. ಅದನ್ನು ಇವರ ಮುಖದ ಪಕ್ಕ ಹಿಡಿದಾಗ ನಾನೂ ನೋಡಿದೆ. ಹುಬ್ಬಿನ ಮೂಳೆ ಮುಂದೆ ಬಂದಿತ್ತು, ಮೂಗು ಅಗಲವಾಗಿತ್ತು, ಗದ್ದ ಉದ್ದವಾಗಿತ್ತು. ಒಂದು ನಿಮಿಷದಲ್ಲಿ ಕಂಡಿತು. ಕೈ ಆಪರೇಷನ್ ಮುಂದಕ್ಕೆ ಹಾಕಿ, ಹಾರ್ಮೋನ್ ಡಾಕ್ಟರ ಹತ್ತಿರ ಕಳಿಸಿದರು.

ಆಮೇಲಿನದು ಬೇಗ ಆಯಿತು. ಮೊದಲು ಐಜಿಎಫ್-1 ರಕ್ತ ಪರೀಕ್ಷೆ. ಇದರ ಮಾಮೂಲಿ ಮಟ್ಟ ವಯಸ್ಸಿಗೆ ತಕ್ಕಂತೆ ಬೇರೆ ಇರುತ್ತದೆ, ಅದಕ್ಕೆ ಹೋಲಿಸಿಯೇ ನೋಡಬೇಕು. ಬೆಳವಣಿಗೆ ಹಾರ್ಮೋನನ್ನೇ ಯಾವಾಗಲೋ ಒಂದು ಸಲ ಅಳೆದರೆ ಪ್ರಯೋಜನವಿಲ್ಲ, ಅದು ದಿನವಿಡೀ ಏರುತ್ತಾ ಇಳಿಯುತ್ತಾ ಇರುತ್ತದೆ. ಹಾಗಾಗಿ 75 ಗ್ರಾಂ ಗ್ಲೂಕೋಸ್ ಕುಡಿಸಿ, ಎರಡು ಗಂಟೆ ಕೂರಿಸಿ, ಮಧ್ಯೆ ಮಧ್ಯೆ ರಕ್ತ ತೆಗೆದರು. ಸಕ್ಕರೆ ಒಳಗೆ ಹೋದರೆ ಆರೋಗ್ಯವಂತರಲ್ಲಿ ಈ ಹಾರ್ಮೋನು ಮಿಲಿಲೀಟರಿಗೆ 1 ನ್ಯಾನೊಗ್ರಾಂಗಿಂತ ಕೆಳಗಿಳಿಯುತ್ತದೆ. ಇವರಿಗೆ ಇಳಿಯಲಿಲ್ಲ. ಎಂಆರ್‌ಐನಲ್ಲಿ ಗೆಡ್ಡೆ ಕಂಡಿತು, 1 ಸೆಂಟಿಮೀಟರ್ ದಾಟಿತ್ತು. ಕಣ್ಣಿನ ನರ ಅದರ ಮೇಲೇ ಹಾದುಹೋಗುವುದರಿಂದ ಪಕ್ಕದ ನೋಟ ಸರಿ ಇದೆಯಾ ಅಂತಲೂ ಪರೀಕ್ಷಿಸಿದರು. ದೇವರ ದಯೆ, ಸರಿ ಇತ್ತು. ಮೂಗಿನ ಮೂಲಕವೇ ಹೋಗಿ ಗೆಡ್ಡೆ ತೆಗೆದರು. ಸ್ವಲ್ಪ ಉಳಿದಿದೆ, ಅದಕ್ಕೆ ತಿಂಗಳಿಗೊಂದು ಇಂಜೆಕ್ಷನ್ ನಡೆಯುತ್ತಿದೆ.

ಊತ ಇಳಿದಿದೆ, ಗೊರಕೆ ಕಮ್ಮಿಯಾಗಿದೆ. ಆದರೆ ಬೆಳೆದ ಮೂಳೆ ಹಿಂದಕ್ಕೆ ಬರುವುದಿಲ್ಲ. ಅದಕ್ಕೇ ಅತ್ತೆಯ ಆ ಕೊನೆಯ ಮಾತು ನನಗೆ ಇನ್ನೂ ಚುಚ್ಚುತ್ತದೆ. ಅವರೊಬ್ಬರೇ ಅಲ್ಲ. ವಿಷಯ ತಿಳಿದ ಮೇಲೆ 'ನಮಗೂ ಅನ್ನಿಸಿತ್ತು' ಅಂದವರು ಎಷ್ಟೋ ಜನ. ಅಪರೂಪಕ್ಕೆ ನೋಡುವವರಿಗೆ ಕಾಣುತ್ತದೆ, ಜೊತೆಯಲ್ಲಿ ಇರುವವರಿಗೆ ಕಾಣುವುದಿಲ್ಲ. ಕಂಡವರು ಮರ್ಯಾದೆಗೆ ಸುಮ್ಮನಿರುತ್ತಾರೆ. ನನ್ನನ್ನು ಕೇಳಬೇಕಾದ ಪ್ರಶ್ನೆ ಇದು: 'ಇನ್ನೊಬ್ಬರಲ್ಲಿ ಹೀಗೆ ಕಂಡರೆ ಹೇಗೆ ಹೇಳೋದು?'

ಇದಕ್ಕೆ ಎಷ್ಟು ಹೊತ್ತು ಬೇಕಾದರೂ ಉತ್ತರ ಕೊಡುತ್ತೇನೆ. ಪಂಕ್ತಿಯಲ್ಲಿ ಹೇಳಬೇಡಿ. ಒಬ್ಬರೇ ಇದ್ದಾಗ ಹೇಳಿ. ಮುಖ ಹೇಗೋ ಆಗಿದೆ ಅನ್ನಬೇಡಿ, ಅದರಲ್ಲೂ ಹೆಂಗಸರಿಗೆ. ಉಂಗುರ, ಬಳೆ ಆಗ್ತಿದೆಯಾ ಅಂತ ಕೇಳಿ. ಚಪ್ಪಲಿ ಅಳತೆ ಬದಲಾಯ್ತಾ, ಬೆವರು ಜಾಸ್ತಿಯಾ, ತಲೆನೋವು ಇದೆಯಾ, ರಾತ್ರಿ ಕೈ ಜೋಮು ಹಿಡಿಯುತ್ತಾ, ಮುಟ್ಟು ಏರುಪೇರಾಗಿದೆಯಾ ಅಂತ ಕೇಳಿ. ನಿಮ್ಮ ಹತ್ತಿರ ಇರುವ ಹಳೆಯ ಫೋಟೋ ಒಂದನ್ನು ಕಳಿಸಿಕೊಡಿ. 'ಹಾರ್ಮೋನ್ ಡಾಕ್ಟರಿಗೆ ತೋರಿಸಿ, ಐಜಿಎಫ್-1 ಮಾಡಿಸಬೇಕಾ ಕೇಳಿ' ಅಂತ ಪರೀಕ್ಷೆಯ ಹೆಸರನ್ನೂ ಬರೆದುಕೊಡಿ. ಏನೂ ಇಲ್ಲ ಅಂತ ಬಂದರೆ ಖರ್ಚಾಗುವುದು ಒಂದು ರಕ್ತ ಪರೀಕ್ಷೆಯ ದುಡ್ಡು. ಕೋಪ ಮಾಡಿಕೊಂಡರೆ ಮಾಡಿಕೊಳ್ಳಲಿ. ಮುಂದಿನ ವಾರ ಮತ್ತೆ ಫೋನ್ ಮಾಡಿ, ಮಾಡಿಸಿದ್ರಾ ಅಂತ ಕೇಳಿ.