ಟೆಕ್ ಸಮ್ಮೇಳನ ಕರೆಯೋದಾದರೆ ಮೈಸೂರಿಗೇ ಕರೆಯೋಣ

ನಮ್ಮ ವಾಟ್ಸಾಪ್ ಗುಂಪಿನಲ್ಲಿ ಈಚೆಗೆ ಒಂದೇ ಚರ್ಚೆ. ಟೆಕ್ (TeX) ಬಳಕೆದಾರರ ಜಾಗತಿಕ ಸಮ್ಮೇಳನವನ್ನು ಎಂದಾದರೂ ಕರ್ನಾಟಕಕ್ಕೆ ಕರೆಯೋದಾದರೆ ಯಾವ ಊರಿಗೆ? ಹೆಚ್ಚಿನವರು ಬೆಂಗಳೂರು ಅಂದರು. ನಾನು ಮೈಸೂರು ಅಂದೆ. ಯಾಕೆ ಅಂತ ಅಲ್ಲಿ ಪೂರ್ತಿ ಹೇಳೋಕೆ ಆಗಲಿಲ್ಲ, ಇಲ್ಲಿ ಬರೀತೀನಿ.

ಗೊತ್ತಿಲ್ಲದವರಿಗೆ: ಟೆಕ್ ಅನ್ನೋದು ಡೊನಾಲ್ಡ್ ಕನೂತ್ 1978ರಲ್ಲಿ ಹೊರತಂದ ಅಕ್ಷರ ಜೋಡಣೆಯ ತಂತ್ರಾಂಶ. ಗಣಿತದ ಪುಸ್ತಕ, ಗಣಿತದ ಪಿಎಚ್‌ಡಿ ಪ್ರಬಂಧ, ಭೌತಶಾಸ್ತ್ರದ ಪತ್ರಿಕೆಗಳೆಲ್ಲ ಬಹುಪಾಲು ಇದರಲ್ಲೇ, ಅಂದರೆ ಇದರ ಮೇಲೆ ಕಟ್ಟಿದ ಲೇಟೆಕ್‌ನಲ್ಲೇ ತಯಾರಾಗೋದು. ಬಳಕೆದಾರರ ಸಂಘ ಹುಟ್ಟಿದ್ದು 1980ರಲ್ಲಿ. ಟಗ್ (TUG) ಅಂತ ಕರೀತಾರೆ. ನಾನು ಅನ್ನ ತಿನ್ನೋದು ಈ ತಂತ್ರಾಂಶದಿಂದ, ಹಾಗಾಗಿ ಈ ವಿಷಯ ನನಗೆ ಸಣ್ಣದಲ್ಲ.

ಟಗ್ ಸಮ್ಮೇಳನ ಮಹಾನಗರಗಳನ್ನೇ ಹುಡುಕಿಕೊಂಡು ಹೋದದ್ದಲ್ಲ. 2004ರಲ್ಲಿ ಗ್ರೀಸಿನ ಕ್ಸಾಂಥಿ, 2006ರಲ್ಲಿ ಮೊರಾಕ್ಕೋದ ಮರಕೇಶ್. 2011ರದ್ದು ಕೈರೋದಲ್ಲಿ ಅಂತ ನಿಗದಿಯಾಗಿತ್ತು. ಈಜಿಪ್ಟಿನ ಜನ ಬೀದಿಗಿಳಿದ ವರ್ಷ ಅದು, ಆ ಪರಿಸ್ಥಿತಿಯಲ್ಲಿ ನಡೆಸೋಕಾಗದೆ ತಿರುವನಂತಪುರಕ್ಕೆ ಬದಲಾಯಿತು. ಅಲ್ಲಿ 2002ರಲ್ಲೇ ಒಮ್ಮೆ ನಡೆದಿತ್ತು. 2025ರ ಜುಲೈನಲ್ಲಿ ಮತ್ತೆ ಅಲ್ಲೇ. ಭಾರತಕ್ಕೆ ಬಂದಾಗಲೆಲ್ಲ ತಿರುವನಂತಪುರವೇ.

ವಿಮಾನದ ಅನುಕೂಲ ನೋಡಿ ಊರು ಆರಿಸೋದಾಗಿದ್ದರೆ ಹೀಗಾಗುತ್ತಿರಲಿಲ್ಲ. ಲಂಡನ್, ಫ್ರಾಂಕ್‌ಫರ್ಟ್‌ನಿಂದ ನೇರ ವಿಮಾನ ಇರೋದು ನಮ್ಮ ಬೆಂಗಳೂರಿಗೆ. ಆದರೆ ತಿರುವನಂತಪುರದಲ್ಲಿ ಸಿ.ವಿ. ರಾಧಾಕೃಷ್ಣನ್ ಅಂಥವರು ತೊಂಬತ್ತರ ದಶಕದಿಂದ ಟೆಕ್‌ನಲ್ಲಿ ವಿಜ್ಞಾನ ಪತ್ರಿಕೆ ಜೋಡಿಸೋ ಉದ್ಯೋಗವನ್ನೇ ಬೆಳೆಸಿದರು, ಹುಡುಗ ಹುಡುಗಿಯರಿಗೆ ಕಲಿಸಿದರು. ಪತ್ರವ್ಯವಹಾರ ನೋಡಿಕೊಳ್ಳೋಕೆ, ಅತಿಥಿಗಳನ್ನ ಕರೆತರೋಕೆ, ಊಟದ ಲೆಕ್ಕ ಇಡೋಕೆ ಆ ಊರಲ್ಲಿ ಜನ ಇದ್ದರು. ಸಮ್ಮೇಳನ ಹೋಗೋದು ಅಂಥ ಜನ ಇರೋ ಕಡೆಗೆ.

ಇನ್ನೊಂದು ಕಾರಣ ನನಗೆ ಇದಕ್ಕಿಂತ ಮುಖ್ಯ. ಸಮ್ಮೇಳನ ನಡೆಯೋ ಊರಿನ ಲಿಪಿ ಬಂದವರ ಕಣ್ಣಿಗೆ ಬೀಳಬೇಕು. ಕನ್ನಡದ ತೊಂದರೆಯನ್ನ ಮಿಂಚಂಚೆಯಲ್ಲಿ ಎಷ್ಟು ವಿವರಿಸಿದರೂ ಅರ್ಧ ಮಾತ್ರ ಮುಟ್ಟುತ್ತೆ. ‘ರಾಷ್ಟ್ರ’ ಅಂತ ಬರೆದು ನೋಡಿ. ಷ-ಗೆ ಟ ಒತ್ತು, ಅದರ ಜೊತೆಗೆ ರ ಒತ್ತು. ಅದರ ಕೆಳಗಿನ ಸಾಲಿನಲ್ಲಿ ಸರಿಯಾಗಿ ಅದೇ ಜಾಗಕ್ಕೆ ಒಂದು ‘ಥೀ’ ಬಂತು ಅನ್ನಿ. ಮೇಲಿನ ಒತ್ತು ಹೋಗಿ ಕೆಳಗಿನ ಗುಡಿಸಿಗೆ ತಾಕುತ್ತೆ. ಇಂಗ್ಲಿಷಿಗೆ 10 ಪಾಯಿಂಟ್ ಅಕ್ಷರಕ್ಕೆ 12 ಪಾಯಿಂಟ್ ಸಾಲಿನ ಅಂತರ ಅಂತ ಲೇಟೆಕ್ ತಾನಾಗೇ ಇಡುತ್ತೆ. ಕನ್ನಡಕ್ಕೆ ನಾನು 15ಕ್ಕಿಂತ ಕಮ್ಮಿ ಇಡೋಲ್ಲ. ಪುಟದಲ್ಲಿ ಎರಡೂ ಭಾಷೆ ಬೆರೆತರೆ ಎಡಪುಟದ ಸಾಲಿಗೂ ಬಲಪುಟದ ಸಾಲಿಗೂ ಹೊಂದಿಕೆ ತಪ್ಪುತ್ತೆ, ಆಮೇಲೆ ಒಂದೊಂದೇ ಪುಟ ಕೂತು ಸರಿಮಾಡಬೇಕು. ಆ ಪುಟಗಳನ್ನ ಮೇಜಿನ ಮೇಲೆ ಹರಡಿ, ತಂತ್ರಾಂಶ ಬರೆಯೋವರನ್ನ ಪಕ್ಕದಲ್ಲಿ ಕೂರಿಸಿಕೊಂಡು, ಬೆರಳಿಟ್ಟು ತೋರಿಸಬೇಕು ಅನ್ನೋದು ನನ್ನ ಬಹುದಿನದ ಆಸೆ.

ಟೆಕ್‌ನಲ್ಲಿ ಕನ್ನಡ ಪದವನ್ನ ಸಾಲಿನ ಕೊನೆಗೆ ಎಲ್ಲಿ ಒಡೀಬೇಕು ಅನ್ನೋ ನಿಯಮಗಳ ಕಡತ ಇದೆಯಲ್ಲ, ಅದನ್ನ ಮಾಡಿಕೊಟ್ಟವರು ಕೇರಳದ ಸಂತೋಷ್ ತೊಟ್ಟಿಂಗಲ್. ದಿನಾ ಅದನ್ನ ಬಳಸುವಾಗ ಅವರಿಗೆ ಋಣಿ ಅನ್ನಿಸುತ್ತೆ. ಈ ಕೆಲಸಕ್ಕೆ ನಮ್ಮಲ್ಲೂ ಜನ ಬೆಳೀಬೇಕು.

ಈಗ ಮೈಸೂರು. ಮಾನಸಗಂಗೋತ್ರಿಯಲ್ಲಿ ವಿಶ್ವವಿದ್ಯಾನಿಲಯ, ಅಲ್ಲೇ 1969ರಲ್ಲಿ ಶುರುವಾದ ಭಾರತೀಯ ಭಾಷೆಗಳ ಕೇಂದ್ರ ಸಂಸ್ಥೆ. ಶಾಮಾಶಾಸ್ತ್ರಿಗಳ ಕೈಗೆ ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿ ಸಿಕ್ಕಿದ ಪ್ರಾಚ್ಯವಿದ್ಯಾ ಸಂಶೋಧನಾಲಯವೂ ಈ ಊರಲ್ಲೇ ಇದೆ. 1909ರಲ್ಲಿ ಆ ಗ್ರಂಥ ಅಚ್ಚಾಯಿತು. ಅಕ್ಷರವನ್ನೇ ಜೀವನ ಮಾಡಿಕೊಂಡವರನ್ನ ಒಂದು ಮಧ್ಯಾಹ್ನ ಕರೆದೊಯ್ಯೋಕೆ ಆ ಸಂಶೋಧನಾಲಯಕ್ಕಿಂತ ಒಳ್ಳೆ ಜಾಗ ನನಗೆ ಹೊಳೆಯುತ್ತಿಲ್ಲ. ವಿಶ್ವವಿದ್ಯಾನಿಲಯ ಜೊತೆಗಿರಲೇಬೇಕು ಅನ್ನೋಕೆ ಇನ್ನೂ ಒಂದು ಕಾರಣ ಇದೆ. ವಿದೇಶಿಯರಿಗೆ ಸಮ್ಮೇಳನ ವೀಸಾ ಬೇಕು ಅಂದರೆ ಸಂಘಟಕರ ಆಹ್ವಾನ ಪತ್ರದ ಜೊತೆ ಸರ್ಕಾರದ ಒಪ್ಪಿಗೆಯನ್ನೂ ಪಡೀಬೇಕು. ಆ ಓಡಾಟಕ್ಕೆ ಹೆಸರಿರೋ ಸಂಸ್ಥೆಯ ಬೆಂಬಲ ಬೇಕೇ ಬೇಕು.

ಟಗ್ ಸೇರೋದು ಹೆಚ್ಚಾಗಿ ಜುಲೈ ಆಸುಪಾಸಿನಲ್ಲಿ, ಯುರೋಪು, ಅಮೆರಿಕದ ಕಾಲೇಜು ಮೇಷ್ಟ್ರುಗಳಿಗೆ ರಜಾ ಇರೋ ಕಾಲ. ನಮ್ಮಲ್ಲಿ ಅದು ಆಷಾಢ. ಮದುವೆ ಇಲ್ಲ, ಛತ್ರಗಳು ಖಾಲಿ, ಅಡುಗೆಯವರು ಸಿಕ್ತಾರೆ, ಬಾಡಿಗೆ ಮಾತಾಡಬಹುದು. ಚಾಮುಂಡಿ ಬೆಟ್ಟಕ್ಕೆ ಮಾತ್ರ ಶುಕ್ರವಾರ ಕರಕೊಂಡು ಹೋಗೋದು ಬೇಡ, ಆಷಾಢ ಶುಕ್ರವಾರದ ನೂಕುನುಗ್ಗಲು ಗೊತ್ತಲ್ಲ. ದಸರಾ ಹೊತ್ತಿಗೆ ಕರೆಯೋಣ ಅಂತ ಒಬ್ಬರು ಹೇಳಿದರು. ಬೇಡವೇ ಬೇಡ. ಆಗ ಲಾಡ್ಜ್ ಬಾಡಿಗೆ ಕೇಳಿದರೇ ಎದೆ ಒಡೆಯುತ್ತೆ.

ಅಂತಾರಾಷ್ಟ್ರೀಯ ವಿಮಾನ ನಿಲ್ದಾಣ ದೂರ ಅನ್ನೋದು ನಿಜ. ದೇವನಹಳ್ಳಿಯಿಂದ ಕೆಎಸ್‌ಆರ್‌ಟಿಸಿ ಫ್ಲೈಬಸ್ ನೇರ ಮೈಸೂರಿಗೇ ಬರುತ್ತೆ, ಆದರೂ ರಾತ್ರಿಯಿಡೀ ಹಾರಿ ಬಂದವರಿಗೆ ಅದೊಂದು ಸುಸ್ತು. ಆದರೆ ಬೆಂಗಳೂರಿನಲ್ಲಾದರೆ ಸಂಜೆ ಆರಕ್ಕೆ ಎಲ್ಲರೂ ಟ್ರಾಫಿಕ್‌ಗೆ ಹೆದರಿ ಚದುರಿಹೋಗ್ತಾರೆ. ಇದು ಎಲ್ಲರೂ ಒಂದೇ ಹಾಲಿನಲ್ಲಿ ಕೂತು ಕೇಳೋ ಸಣ್ಣ ಸಮ್ಮೇಳನ. ಭಾಷಣ ಮುಗಿದಮೇಲೆ ಊಟಕ್ಕೆ ಒಟ್ಟಿಗೆ ನಡಕೊಂಡು ಹೋಗೋ ದಾರಿಯಲ್ಲಿ ಎಷ್ಟೋ ಕೆಲಸ ಕುದುರುತ್ತೆ.

ಒಮ್ಮೆಲೇ ಟಗ್‌ಗೆ ಕರೆ ಕಳಿಸೋದು ಬೇಡ. ಬರೋ ಆಷಾಢದಲ್ಲಿ ಒಂದು ದಿನದ ಕನ್ನಡ ಟೆಕ್ ಕೂಟ ಮೈಸೂರಲ್ಲಿ ಮಾಡಿ ನೋಡೋಣ. ಹಾಲ್ ಹುಡುಕೋದು ನನ್ನ ಪಾಲಿಗಿರಲಿ. ಊಟದ ಹೊಣೆ ಒಬ್ಬರು, ಹಣಕಾಸಿನ ಲೆಕ್ಕ ಒಬ್ಬರು ಹೊತ್ತುಕೊಂಡರೆ ಈ ತಿಂಗಳೇ ತಾರೀಖು ಗೊತ್ತುಮಾಡಬಹುದು. ಬರೋವರು ನಿಮಗೆ ಅತಿ ಹೆಚ್ಚು ಕಾಟ ಕೊಟ್ಟ ಒಂದು ಕನ್ನಡ ಪುಟದ ಪ್ರಿಂಟ್ ತೆಗೆದುಕೊಂಡು ಬನ್ನಿ.